ಅಮ್ಮ ನಿಲ್ಲುತ್ತಿದ್ದ ಮಣೆ

"ಇದನ್ನ ಯಾವುದ್ರಲ್ಲಿ ಒರೆಸಿದ್ರೆ ಹೋಗತ್ತೆ ಪುಟ್ಟಿ? ಸೋಪಿನ ಬಟ್ಟೆ ಹಾಕಿ ತಿಕ್ಕಿದೆ, ಹೋಗ್ಲಿಲ್ಲ."

ಹೋದ ವರ್ಷ ಮಳೆಗಾಲದ ಒಂದು ಗುರುವಾರ ಬೆಳಿಗ್ಗೆ ಅಮ್ಮ ವಾಟ್ಸ್ಯಾಪ್‌ನಲ್ಲಿ ಹೀಗೊಂದು ವಾಯ್ಸ್ ಮೆಸೇಜ್ ಹಾಕಿದ್ದಳು. ಜೊತೆಗೊಂದು ಫೋಟೋ. ಅಡುಗೆಮನೆಯ ಸ್ವಿಚ್ ಬೋರ್ಡು, ಅದರಲ್ಲಿ ಬಿಳಿ ಸಾಕೆಟ್ಟು, ಸಾಕೆಟ್ಟಿನ ಒಂದು ತೂತಿನ ಸುತ್ತ ಕಾಫಿ ಚೆಲ್ಲಿದ ಹಾಗೆ ಕಂದು ಬಣ್ಣ. ಅಮ್ಮ ಅದನ್ನು ಒಗ್ಗರಣೆ ಹೊಗೆಯ ಕಲೆ ಅಂದುಕೊಂಡಿದ್ದಳು. ನಾನು ಮೀಟಿಂಗ್ ಮ್ಯೂಟ್ ಮಾಡಿ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ಲಾಸ್ಟಿಕ್ ಒಳಗಿನಿಂದ ಬೆಂದಿತ್ತು. ಅಮ್ಮ ಅದರ ಮೇಲೆ ಒದ್ದೆ ಬಟ್ಟೆ ಆಡಿಸಿದ್ದಳು.

ಕೂಡಲೇ ಫೋನ್ ಮಾಡಿ, "ಆ ಸ್ವಿಚ್ ಆಫ್ ಮಾಡು, ಆ ಬೋರ್ಡ್ ಮುಟ್ಲೇಬೇಡ, ಶನಿವಾರ ಬರ್ತೀನಿ" ಅಂದೆ. "ಅಷ್ಟಕ್ಕೆಲ್ಲ ಯಾಕೆ ಬರ್ತೀಯ, ನಿಂಗೆ ಕೆಲಸ ಇರತ್ತೆ" ಅಂದಳು. ವಾಸನೆ ಏನಾದರೂ ಬರ್ತಿತ್ತಾ ಅಂತ ಕೇಳಿದೆ. ಬರ್ತಿತ್ತಂತೆ. ಮೂರು ವಾರದಿಂದ. ಮೀನಿನ ವಾಸನೆ ಥರ ಇತ್ತು, ಪಕ್ಕದ ಮನೆಯಿಂದ ಅಂದ್ಕೊಂಡೆ ಅಂದಳು. ಬಿಸಿಯಾದ ಪ್ಲಾಸ್ಟಿಕ್ ಕೆಲವೊಮ್ಮೆ ಹಾಗೇ ವಾಸನೆ ಬರುತ್ತದೆ. ಮೀನು ಮಾಡದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಪಕ್ಕದ ಮನೆಯನ್ನು ಬೈಯುವ ಮೊದಲು ಸ್ವಿಚ್ ಬೋರ್ಡ್ ಮೂಸಿ ನೋಡಿ.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಕಂಪನಿ ಬೆಂಗಳೂರಿನದು, ತಿಂಗಳಿಗೆ ಒಂದೆರಡು ಸಲ ಹೋಗಿ ಮುಖ ತೋರಿಸಿ ಬಂದರೆ ಸಾಕು. ಅಪ್ಪ ಅಮ್ಮ ಭದ್ರಾವತಿಯ ಜನ್ನಾಪುರದಲ್ಲಿದ್ದಾರೆ. ಬಿ.ಎಚ್. ರಸ್ತೆಯಲ್ಲಿ ಬಸ್ ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಇಷ್ಟು ಹತ್ತಿರ ಇರುವುದರಿಂದಲೇ ಇರಬೇಕು, ಹೋಗುವುದು ಕಡಿಮೆ.

ಅಪ್ಪ ವಿಐಎಸ್‌ಎಲ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ ಮಾಡಿ ರಿಟೈರ್ ಆದವರು. ಊರಲ್ಲಿ ಯಾರೂ ವಿಐಎಸ್‌ಎಲ್ ಅನ್ನುವುದಿಲ್ಲ, 'ಕಾರ್ಖಾನೆ' ಅಂದರೆ ಅದೇ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಜಾಗ. 2023ರ ಜನವರಿಯಲ್ಲಿ ಅದನ್ನು ಮುಚ್ಚುತ್ತಾರೆ ಅಂತ ಸುದ್ದಿ ಬಂದಾಗ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕರೆಂಟಿನ ವಿಷಯ ಬಂದರೆ ಅವರ ಎದೆ ಸ್ವಲ್ಪ ಉಬ್ಬುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ, ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ ಅಂತ ನೆಂಟರ ಮಕ್ಕಳಿಗೆಲ್ಲ ಪಾಠ ಮಾಡುತ್ತಾರೆ. "ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ದು" ಅನ್ನುವುದು ಅವರ ಖಾಯಂ ಡೈಲಾಗ್. ನಮ್ಮ ಮನೆ ಕಟ್ಟಿದ್ದು 1998ರಲ್ಲಿ. ವೈರಿಂಗ್ ಪೂರ್ತಿ ಅಪ್ಪ ಮತ್ತು ಅವರ ಕಾರ್ಖಾನೆಯ ಗೆಳೆಯರೊಬ್ಬರು ಭಾನುವಾರಗಳಲ್ಲಿ ಕೂತು ಮಾಡಿದ್ದು. ಆ ವೈರಿಂಗ್ ಬಗ್ಗೆ ಮಾತಾಡುವುದು ಅಂದರೆ ಅಪ್ಪನ ಬಗ್ಗೆ ಮಾತಾಡಿದ ಹಾಗೆ.

ಶನಿವಾರ ಹೋದವಳೇ ಮೊದಲು ಮೇನ್ ಆಫ್ ಮಾಡಿಸಿದೆ. ಅಪ್ಪ ಸ್ಕ್ರೂ ಬಿಚ್ಚಿ ಬೋರ್ಡ್ ತೆಗೆದರು. ಒಂದು ಕಡೆಯ ಇನ್ಸುಲೇಷನ್ ಗರಿಗರಿಯಾಗಿ ಕೈಗೆ ಪುಡಿಯಾಗಿ ಬಂತು. ಸಾಕೆಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಕನ್ವರ್ಷನ್ ಪ್ಲಗ್ಗನ್ನು ಇಕ್ಕಳದಲ್ಲಿ ಎಳೆಯಬೇಕಾಯಿತು.

ಆ ಕನ್ವರ್ಷನ್ ಪ್ಲಗ್ ತಂದುಕೊಟ್ಟವಳು ನಾನೇ.

ಕಥೆ ಇಷ್ಟು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮನೆ ಕರೆಂಟ್ ಬಿಲ್ ಸೊನ್ನೆಯಾಯಿತು. ಹಿಂದಿನ ಬಳಕೆಯ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟರೊಳಗಿದ್ದರೆ ದುಡ್ಡಿಲ್ಲ. ಅಮ್ಮ ಈ ಲೆಕ್ಕವನ್ನು ನನಗಿಂತ ಚೆನ್ನಾಗಿ ಇಟ್ಟಿದ್ದಾಳೆ. ಆ ಮಿತಿಯೊಳಗೆ ಇನ್ನೂ ಸ್ವಲ್ಪ ಜಾಗ ಇದೆ, ಬೆಳಗಿನ ಹಾಲು-ಕಾಫಿ, ಸಂಜೆಯ ಬಿಸಿನೀರು ಕರೆಂಟಿನಲ್ಲಿ ಮಾಡಿಕೊಂಡರೆ ಸಿಲಿಂಡರ್ ಇನ್ನೊಂದು ಹದಿನೈದು ದಿನ ಬರುತ್ತದೆ ಅಂತ ಅವಳ ಪ್ಲಾನ್. ಅವಳ ಹುಟ್ಟುಹಬ್ಬಕ್ಕೆ ನಾನು 2000 ವ್ಯಾಟಿನ ಇಂಡಕ್ಷನ್ ಒಲೆ ಆರ್ಡರ್ ಮಾಡಿದೆ. ಅದಕ್ಕಿದ್ದಿದ್ದು ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್. ಅಡುಗೆಮನೆಯಲ್ಲಿದ್ದಿದ್ದು ಸಣ್ಣ ಸಾಕೆಟ್ಟು, ಆಗಿನ ಕಾಲದಲ್ಲಿ 5 ಆಂಪ್ ಅನ್ನುತ್ತಿದ್ದರು, ಈಗ 6. ಪ್ಲಗ್ ಹೋಗಲಿಲ್ಲ. ನಾನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ದೊಡ್ಡದನ್ನು ಸಣ್ಣದಕ್ಕೆ ಸೇರಿಸುವ ಪ್ಲಗ್ ತಂದು ಚುಚ್ಚಿ, ಹಾಲು ಕಾಯಿಸಿ ತೋರಿಸಿ, ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ದೊಡ್ಡ ಪ್ಲಗ್ ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿರುವುದು ಕಂಪನಿಯವರ ಕಿತಾಪತಿ ಅಲ್ಲ. ಅದೊಂದು ಬಾಗಿಲು. ಈ ಸಾಧನ ಈ ಗೋಡೆಗೆ ಬೇಡ ಅಂತ ಹೇಳುವ ಬಾಗಿಲು. ನಾನು ನೂರು ರೂಪಾಯಿ ಕೊಟ್ಟು ಆ ಬಾಗಿಲನ್ನು ಮುರಿದಿದ್ದೆ.

"ಎಂಸಿಬಿ ಹಾಕಿದೀನಲ್ಲ, ಅದು ಟ್ರಿಪ್ಪೇ ಆಗಿಲ್ಲ" ಅಂದರು ಅಪ್ಪ. ಹಳೆಯ ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಅಂತ ಕೆಲವು ವರ್ಷದ ಹಿಂದೆ ಅವರೇ 16 ಆಂಪ್ ಎಂಸಿಬಿ ಹಾಕಿದ್ದರು. ಅವರ ಮಾತು ಕೇಳಿದರೆ ಸರಿ ಅನಿಸುತ್ತದೆ. ನನಗೂ ಅನಿಸಿತ್ತು. ಆಮೇಲೆ ಹಾಲಿನ ಕವರ್ ಹಿಂದೆ ಲೆಕ್ಕ ಹಾಕಿದೆವು.

2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 8.7 ಆಂಪಿಯರ್. 6 ಆಂಪಿನ ಸಾಕೆಟ್ಟಿಗೆ ಇದು ಜಾಸ್ತಿ, ಆದರೆ 16ರ ಎಂಸಿಬಿಗೆ ಏನೇನೂ ಅಲ್ಲ, ಅದು ಆರಾಮಾಗಿ ಕೂತಿರುತ್ತದೆ. ಇನ್ನು ಸಾಕೆಟ್ಟಿನೊಳಗೆ ಪ್ಲಗ್ಗಿನ ಪಿನ್ನನ್ನು ಹಿಡಿದುಕೊಳ್ಳುವ ಹಿತ್ತಾಳೆ ಪಟ್ಟಿ ಇರುತ್ತದಲ್ಲ, ಇಪ್ಪತ್ತೈದು ವರ್ಷ ಮಿಕ್ಸಿ ಪ್ಲಗ್ ಹಾಕಿ ತೆಗೆದು ಅದರ ಹಿಡಿತ ಸಡಿಲವಾಗಿತ್ತು. ಆ ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಅಂದುಕೊಳ್ಳಿ. 8.7ರ ವರ್ಗ ಗುಣಿಸು ಅರ್ಧ, ಹತ್ತಿರ ಹತ್ತಿರ 38 ವ್ಯಾಟ್. ಕಾಲೇಜ್ ಲ್ಯಾಬಿನಲ್ಲಿ ನಾವು ಸೀಸ ಕರಗಿಸುತ್ತಿದ್ದ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ಅಮ್ಮ ಹಾಲು ಕಾಯಿಸುವಾಗೆಲ್ಲ ಗೋಡೆಯೊಳಗೆ ಒಂದೂವರೆ ಸೋಲ್ಡರಿಂಗ್ ಐರನ್ ಆನ್ ಆಗಿರುತ್ತಿತ್ತು. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಮಾತ್ರ. ಯಾವ ಜಾಗ ಬಿಸಿಯಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಡಿಲವಾದ ಜಾಯಿಂಟಿನಿಂದ ಕರೆಂಟ್ ಒಂಚೂರು ಕಡಿಮೆಯೇ ಆಗುತ್ತದೆ ಹೊರತು ಜಾಸ್ತಿ ಆಗಲ್ಲ. ಅದು ಟ್ರಿಪ್ ಆಗಲು ಕಾರಣವೇ ಇಲ್ಲ.

ಅಪ್ಪ ಕವರನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಾನು ಹಾಕಿದ ವೈರ್ ಏನೂ ಆಗಿಲ್ಲ ನೋಡು" ಅಂದರು. ಅದು ನಿಜ. 1998ರಲ್ಲಿ ಆ ಅಡುಗೆಮನೆಯಲ್ಲಿದ್ದದ್ದು ಒಂದು ಟ್ಯೂಬ್‌ಲೈಟ್, ಒಂದು ಮಿಕ್ಸಿ. ಅದಕ್ಕೆ ಅಪ್ಪ ಮಾಡಿದ್ದು ಚೊಕ್ಕ ಕೆಲಸ. ಈಗ ಅಲ್ಲಿ ಫ್ರಿಜ್ಜು, ಗ್ರೈಂಡರು, ರೈಸ್ ಕುಕ್ಕರು, ನೀರಿನ ಫಿಲ್ಟರು, ನನ್ನ ಇಂಡಕ್ಷನ್ನು. ಎಲ್ಲವೂ ಅದೇ ಒಂದು ಲೈನಿನಿಂದ ಕುಡಿಯುತ್ತಿವೆ.

ಅಪ್ಪನಿಗೆ ಈಗ ಗೋಡೆ ಒಡೆಯುವ ಶಕ್ತಿ ಇಲ್ಲ, ಕಣ್ಣೂ ಅಷ್ಟಕ್ಕಷ್ಟೆ. ಮಾರನೇ ದಿನ ಪೇಪರ್ ಟೌನ್ ಕಡೆಯಿಂದ ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್ ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ನಾನು ಲ್ಯಾಪ್‌ಟಾಪಿನಲ್ಲಿ ಒಂದು ಡ್ರಾಯಿಂಗ್ ಮಾಡಿಕೊಂಡಿದ್ದೆ, ಎಲ್ಲಿ ಯಾವ ಪಾಯಿಂಟ್ ಅಂತ ಬಣ್ಣ ಹಾಕಿ. ಅಪ್ಪ ಪೆನ್ಸಿಲಿನಲ್ಲಿ ಇನ್ನೊಂದು ಮಾಡಿದ್ದರು. ಅವರು ಎರಡನ್ನೂ ನೋಡಿ ಪಕ್ಕಕ್ಕಿಟ್ಟು ಅಮ್ಮನನ್ನು ಕರೆದರು.

"ಅಮ್ಮಾ, ನೀವು ಅಡುಗೆ ಮಾಡೋವಾಗ ಎಲ್ಲಿ ನಿಂತ್ಕೋತೀರ, ಸ್ವಲ್ಪ ನಿಂತು ತೋರಿಸಿ."

ಅಮ್ಮ ನಾಚಿಕೊಂಡೇ ಬಂದು ನಿಂತಳು. ಒಲೆ ಇಲ್ಲಿ, ತರಕಾರಿ ಹೆಚ್ಚುವುದು ಇಲ್ಲಿ, ಪಾತ್ರೆ ತೊಳೆದು ಕೈ ಕೊಡವುವುದು ಈ ಕಡೆಗೆ. ನನ್ನ ಡ್ರಾಯಿಂಗಿನಲ್ಲಿ ಇಂಡಕ್ಷನ್ ಪಾಯಿಂಟ್ ಇದ್ದಿದ್ದು ಸರಿಯಾಗಿ ಅವಳು ಕೈ ಕೊಡವುವ ಜಾಗದಲ್ಲಿ. ಅಪ್ಪನದರಲ್ಲಿ ಗ್ಯಾಸ್ ಒಲೆಯ ನೇರ ಮೇಲೆ, ಹಾಗಾದರೆ ವೈರ್ ಕಡಿಮೆ ಸಾಕು ಅಂತ. ಒಲೆ ಉರಿಯುವಾಗ ಸ್ವಿಚ್ ಹಾಕಲು ಅಮ್ಮ ಬೆಂಕಿಯ ಮೇಲೆ ಕೈ ಚಾಚಬೇಕಾಗುತ್ತಿತ್ತು, ಸೀರೆ ಸೆರಗು ಬೇರೆ. ಹಬೆ, ಎಣ್ಣೆ ಎಲ್ಲ ನೇರ ಸಾಕೆಟ್ಟಿನೊಳಗೆ.

ಆ ಮೇಲೆ ಅವರು ಚಾಕ್ ಪೀಸ್ ತಗೊಂಡು ಗುರುತು ಹಾಕುತ್ತಾ ಹೋದರು. ಸಿಂಕಿನಿಂದ ಒಂದು ಮಾರು ದೂರಕ್ಕೆ ಮೊದಲ ಗೆರೆ. ಅಲ್ಲಿಂದ ಈಚೆಗೆ ಏನೂ ಇಲ್ಲ. ಕಟ್ಟೆಯ ಮೇಲಿನಿಂದ ಒಂದಡಿ ಎತ್ತರದಲ್ಲಿ ಪಾಯಿಂಟು, ಕಟ್ಟೆ ತೊಳೆದ ನೀರು ಸಿಡಿಯಬಾರದು, ಪಾತ್ರೆ ತಾಗಬಾರದು. ಸಿಲಿಂಡರ್ ಇಟ್ಟಿರುವ ಕಟ್ಟೆ ಕೆಳಗೆ ಒಂದೂ ಬೇಡ ಅಂದರು. ಅಪ್ಪ ಫಿಲ್ಟರಿಗೆ ಅಲ್ಲೊಂದು ಬೇಕು ಅಂದಿದ್ದರು. ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದರೆ ನೆಲದ ಹತ್ತಿರವೇ ಬಂದು ಕೂರುತ್ತದೆ, ಸ್ವಿಚ್ ಒತ್ತಿದಾಗ ಹಾರುವ ಒಂದು ಸಣ್ಣ ಕಿಡಿ ಸಾಕು. ಕಾರ್ಖಾನೆಯಲ್ಲಿ ಇದನ್ನೆಲ್ಲ ಪಾಲಿಸುತ್ತಿದ್ದ ಅಪ್ಪ ಮನೆಯಲ್ಲಿ ಮರೆತಿದ್ದರು.

ಇಂಡಕ್ಷನ್ನಿಗೆ ಒಂದು, ಮುಂದೆ ಓವನ್ನೋ ಏನೋ ಬಂದರೆ ಇನ್ನೊಂದು, ಹೀಗೆ ಎರಡು 16 ಆಂಪ್ ಪಾಯಿಂಟ್. ಒಂದೊಂದಕ್ಕೂ ಮೇನ್ ಬೋರ್ಡಿನಿಂದಲೇ ಬೇರೆ ಬೇರೆ ಲೈನು, 2.5 ಚದರ ಮಿಲಿಮೀಟರ್ ತಾಮ್ರದ ವೈರು, ಬೇರೆ ಎಂಸಿಬಿ. ಮಿಕ್ಸಿ ಗ್ರೈಂಡರುಗಳಿಗೆ 6 ಆಂಪಿನವು ಸಾಕು. 750 ವ್ಯಾಟಿನ ಮಿಕ್ಸಿ ತೆಗೆದುಕೊಳ್ಳುವುದು 3 ಆಂಪಿಗಿಂತ ಚೂರು ಜಾಸ್ತಿ ಅಷ್ಟೆ. ಪೈಪ್ ಕೊರೆಯುವಾಗ ಹತ್ತಿರದ ದಾರಿ ಅಂತ ಓರೆಯಾಗಿ ಹೋಗಲಿಲ್ಲ, ಮೇಲಿಂದ ಪಾಯಿಂಟಿಗೆ ನೇರವಾಗಿ ಇಳಿಸಿದರು. ನಾಳೆ ಯಾರಾದರೂ ಸ್ಟ್ಯಾಂಡ್ ಹೊಡೆಯಲು ಡ್ರಿಲ್ ಹಿಡಿದು ಬಂದರೆ, ಪಾಯಿಂಟಿನ ನೇರಕ್ಕೆ ವೈರ್ ಇದೆ ಅಂತ ಊಹಿಸಬಹುದು.

ನಾನು ಗಮನಿಸಿದ ಇನ್ನೊಂದು ವಿಷಯ, ಪೆಟ್ಟಿಗೆ ಕೂರಿಸುವುದಕ್ಕೆ ಅವರು ತೆಗೆದುಕೊಂಡ ಸಮಯ. ಕಬ್ಬಿಣದ ಪೆಟ್ಟಿಗೆಯನ್ನು ಸಿಮೆಂಟಿನಲ್ಲಿ ಕೂರಿಸಿ, ಅದರ ಬಾಯಿ ಟೈಲ್ಸಿನ ಸಮಕ್ಕೆ ಬಂದಿದೆಯಾ ಅಂತ ಅಂಗೈ ಆಡಿಸಿ ನೋಡಿ, ಮಾರನೇ ದಿನ ಒಣಗುವವರೆಗೆ ಸಾಕೆಟ್ ಹಾಕಲೇ ಇಲ್ಲ. ಪೆಟ್ಟಿಗೆ ಹಿಂದೆ ಉಳಿದರೆ ಉದ್ದ ಸ್ಕ್ರೂ ಹಾಕಿ ಎಳೆದು ಕಟ್ಟುತ್ತಾರಂತೆ. ಆಗ ಪ್ಲಗ್ ಹಾಕಿ ತೆಗೆದಾಗಲೆಲ್ಲ ಬೋರ್ಡ್ ಅಲುಗಾಡುತ್ತದೆ, ಒಳಗಿನ ವೈರೂ ಅಲುಗಾಡುತ್ತದೆ, ವರ್ಷದಲ್ಲಿ ಸ್ಕ್ರೂ ಸಡಿಲ. ನಮ್ಮ 38 ವ್ಯಾಟು ಅಲ್ಲಿಂದ ಮತ್ತೆ ಶುರು. ವೈರನ್ನು ಸ್ಕ್ರೂ ಕೆಳಗೆ ಬಿಗಿದ ಮೇಲೆ ಪ್ರತಿಯೊಂದನ್ನೂ ಒಮ್ಮೆ ಎಳೆದು ನೋಡುತ್ತಿದ್ದರು. ನಾನು ಕೋಡ್ ರಿವ್ಯೂ ಮಾಡುವಾಗ ಇಷ್ಟು ತಾಳ್ಮೆ ತೋರಿಸಿದ್ದು ನೆನಪಿಲ್ಲ.

ಇಷ್ಟರಲ್ಲಿ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಮೊದಲ ದಿನವೇ ಒಂದು ಮಾತು ನಡೆದಿತ್ತು. ಗ್ರೈಂಡರ್ ಎಲ್ಲಿಡುತ್ತೀರ ಅಂತ ಕೇಳಿದಾಗ ಅಮ್ಮ ಮೂಲೆ ತೋರಿಸಿದಳು. ಅಲ್ಲಿ ನೆಲದ ಮೇಲೆ ಒಂದು ಮಣೆ ಇತ್ತು. ಹಲಸಿನ ಮರದ ಹಳೆಯ ಊಟದ ಮಣೆ, ಅಜ್ಜಿ ಕಾಲದ್ದು. ಎಲೆಕ್ಟ್ರಿಷಿಯನ್ ಅದನ್ನು ಕಾಲಿನಲ್ಲಿ ಪಕ್ಕಕ್ಕೆ ಸರಿಸಲು ಹೋದರು.

"ಅದು ಅಲ್ಲೇ ಇರ್ಲಿ, ರುಬ್ಬೋವಾಗ ಬೇಕು" ಅಂದಳು ಅಮ್ಮ.

"ಎತ್ತರ ಸಾಲಲ್ವಾ ಅಮ್ಮಾ?"

"ಎತ್ತರಕ್ಕಲ್ಲ. ಮಣೆ ಮೇಲೆ ನಿಂತ್ರೆ ಜುಂ ಅನ್ನಲ್ಲ."

ಅವರು ಕೈಯಲ್ಲಿದ್ದ ಚಾಕ್ ಪೀಸ್ ಕೆಳಗಿಟ್ಟರು. ಅಪ್ಪ ಬಾಗಿಲ ಹತ್ತಿರ ನಿಂತಿದ್ದರು.

ಗ್ರೈಂಡರಿನ ಸ್ಟೀಲ್ ಮೈ ಮುಟ್ಟಿದರೆ ಬೆರಳು ಜುಂ ಅನ್ನುವುದು ಶುರುವಾಗಿ ಎರಡು ವರ್ಷಕ್ಕೂ ಮೇಲಾಗಿತ್ತಂತೆ. ಮೊದಲು ಹವಾಯಿ ಚಪ್ಪಲಿ ಹಾಕಿಕೊಂಡು ರುಬ್ಬಿದಳಂತೆ. ದೇವರ ಮನೆ ಪಕ್ಕದಲ್ಲೇ ಅಡುಗೆಮನೆ, ಚಪ್ಪಲಿ ಹಾಕಿಕೊಳ್ಳಲು ಮನಸ್ಸಾಗದೆ ಮಣೆ ತಂದು ಹಾಕಿಕೊಂಡಳು. ಕೈ ಒದ್ದೆ ಇದ್ದರೆ ಜಾಸ್ತಿ ಅನ್ನತ್ತೆ, ಅದಕ್ಕೇ ಸೆರಗಿನಲ್ಲಿ ಒರೆಸಿಕೊಂಡು ಮುಟ್ಟುತ್ತೇನೆ ಅಂತ ಏನೋ ಅಡುಗೆ ಟಿಪ್ಸ್ ಹೇಳುವ ಹಾಗೆ ಹೇಳಿದಳು. ವಾರಕ್ಕೆ ಎರಡು ಸಲ ದೋಸೆ ಹಿಟ್ಟು ರುಬ್ಬುತ್ತಾಳೆ. ಅದರಲ್ಲಿ ಒಂದು ಡಬ್ಬ ಶಿವಮೊಗ್ಗಕ್ಕೆ ನಮ್ಮನೆಗೆ ಬರುತ್ತದೆ.

"ನಂಗ್ಯಾಕೆ ಹೇಳ್ಲಿಲ್ಲ?" ಅಂದರು ಅಪ್ಪ.

"ಹೇಳಿದ್ರೆ ನೀವು ಏಣಿ ಹತ್ತೋಕೆ ಹೋಗ್ತಿದ್ರಿ. ಮಂಡಿ ನೋವು ಇಟ್ಕೊಂಡು."

ಅಪ್ಪ ಏನೂ ಅನ್ನಲಿಲ್ಲ. ಹೊರಗೆ ಹೋಗಿ ಜಗಲಿ ಮೇಲೆ ಕೂತರು.

ಎಲೆಕ್ಟ್ರಿಷಿಯನ್ ಹೋಲ್ಡರಿಗೆ ಒಂದು ಬಲ್ಬ್ ಸಿಕ್ಕಿಸಿ ಟೆಸ್ಟ್ ಮಾಡಿದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದಾಗ ಚೆನ್ನಾಗಿ ಉರಿಯಿತು. ಫೇಸ್ ಮತ್ತು ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ನಡುವೆ ಹಿಡಿದಾಗ ಉರಿಯಲೇ ಇಲ್ಲ. ಅಂದರೆ ಅರ್ಥ್ ಸತ್ತಿದೆ. ಇಡೀ ಮನೆಯದ್ದು. ಹಿತ್ತಿಲಲ್ಲಿ ಅಪ್ಪ ಇದ್ದಿಲು, ಉಪ್ಪು ತುಂಬಿಸಿ ಮಾಡಿದ್ದ ಅರ್ಥ್ ಗುಂಡಿ ಇತ್ತು. ಹತ್ತು ವರ್ಷದ ಹಿಂದೆ ಹಿತ್ತಿಲಿಗೆ ಸಿಮೆಂಟ್ ಹಾಕಿಸಿದಾಗ ಗುಂಡಿಗೆ ಹೋಗುವ ತಂತಿ ಯಾರದೋ ಗುದ್ದಲಿಗೆ ಸಿಕ್ಕಿ ತುಂಡಾಗಿ, ಅದರ ಮೇಲೇ ಸಿಮೆಂಟ್ ಬಿದ್ದಿತ್ತು. ಬಲ್ಬು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ನಮಗೆಲ್ಲ ಕಡ್ಡಾಯವಾಗಿತ್ತು. ಪೈಪ್ ಅರ್ಥಿಂಗ್ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ ಅನ್ನುವ ಪ್ರಶ್ನೆ ನಮಗೆ ಹಬ್ಬ. ಸ್ಕೇಲ್ ಇಟ್ಟು ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ನಮ್ಮ ಹಿತ್ತಿಲಲ್ಲಿ ಅಂಥದ್ದೊಂದು ಇದೆ ಅನ್ನುವುದೇ ತಲೆಗೆ ಬಂದಿರಲಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉದ್ದ ಮತ್ತು ದಪ್ಪ ಯಾಕೆ, ನೋಡಿದ್ದೀರಾ? ಪ್ಲಗ್ ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಸಾಧನದ ಲೋಹದ ಮೈಗೆ ಕರೆಂಟ್ ಸೋರಿದರೆ ಅದು ನಿಮ್ಮ ಮೂಲಕ ಹೋಗದೆ ಈ ತಂತಿಯಲ್ಲಿ ಭೂಮಿಗೆ ಹೋಗಲಿ ಅಂತ. ಆ ದಾರಿ ತುಂಡಾಗಿದ್ದರಿಂದ ಸೋರಿದ ಕರೆಂಟಿಗೆ ಉಳಿದಿದ್ದ ದಾರಿ ಅಮ್ಮನ ಕೈಯಿಂದ ಕಾಲಿಗೆ. ನಡುವೆ ಒಂದು ಹಲಸಿನ ಹಲಗೆ.

ಸಿಮೆಂಟ್ ಒಡೆದು ಹೊಸ ತಂತಿ ಎಳೆದರು. ಬಲ್ಬ್ ಈಗ ಎರಡೂ ಕಡೆ ಉರಿಯಿತು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿದರು. ಹೋದ ಕರೆಂಟು ವಾಪಸ್ ಬಂದ ಕರೆಂಟು ಎರಡೂ ಸಮ ಇದೆಯಾ ಅಂತ ಲೆಕ್ಕ ನೋಡುತ್ತಾ ಇರುವ ಸಾಧನ ಅದು. ನಡುವೆ ಎಲ್ಲೋ ಸೋರಿದರೆ, ಅದು ಮನುಷ್ಯನ ಮೈಯಲ್ಲೇ ಆದರೂ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಲೈನ್ ಕಟ್. ಎಂಸಿಬಿ ವೈರನ್ನು ಕಾಯುತ್ತದೆ, ಇದು ಮನುಷ್ಯರನ್ನು ಕಾಯುತ್ತದೆ. ಒಂದಿದೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ಎಲ್ಲ ಮುಗಿಸಿ ಮೇನ್ ಆನ್ ಮಾಡಿ ಅಮ್ಮ ಗ್ರೈಂಡರ್ ಸ್ವಿಚ್ ಹಾಕಿದಳು. ಟಪ್ ಅಂತ ಇಡೀ ಮನೆ ಕರೆಂಟ್ ಹೋಯಿತು. ಮತ್ತೆ ಹಾಕಿದರು, ಮತ್ತೆ ಟಪ್.

"ಚೆನ್ನಾಗಿದ್ದ ಗ್ರೈಂಡರ್ ಹಾಳು ಮಾಡಿಟ್ರಲ್ಲ" ಅಂದಳು ಅಮ್ಮ.

ಅದನ್ನು ಶಿವಮೊಗ್ಗಕ್ಕೆ ಆಟೋದಲ್ಲಿ, ಬಸ್ಸಿನಲ್ಲಿ ಹೊತ್ತುಕೊಂಡು ಬಂದು ರಿಪೇರಿಗೆ ಕೊಟ್ಟೆ. ಹಿಟ್ಟಿನ ನೀರು ಇಳಿದೂ ಇಳಿದೂ ಮೋಟರಿನ ವೈಂಡಿಂಗ್ ತೇವವಾಗಿತ್ತು. ರಿಪೇರಿಯವನು ಒಳಗೆ ತೋರಿಸಿ, "ಇದನ್ನ ಯಾರು ಮೇಡಂ ಓಡಿಸ್ತಿದ್ದಿದ್ದು?" ಅಂದ. ನಮ್ಮಮ್ಮ ಅಂತ ಹೇಳಿದೆ. ಅವನು ನನ್ನ ಮುಖ ನೋಡಿದ, ನಾನು ಅಂಗಡಿಯ ಕ್ಯಾಲೆಂಡರ್ ನೋಡಿದೆ.

ಸಾಮಾನು, ಕೂಲಿ ಎಲ್ಲ ಸೇರಿ 11,000 ಚಿಲ್ಲರೆ ಆಯಿತು. ಇಂಡಕ್ಷನ್ ಒಲೆಗೆ ಕೊಟ್ಟಿದ್ದಕ್ಕಿಂತ ನಾಲ್ಕೈದು ಪಟ್ಟು. ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ, ನಮ್ಮದು ಹಳೆಯ 2 ಕಿಲೋವ್ಯಾಟೇ ಇತ್ತು. ಅಂದರೆ ನನ್ನ ಉಡುಗೊರೆ ಒಂದೇ ಇಡೀ ಮನೆಯ ಪಾಲನ್ನು ತಿಂದುಬಿಡುತ್ತಿತ್ತು. ಅದನ್ನು ಹೆಚ್ಚಿಸಲು ಅಪ್ಪನೇ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬಂದರು.

ಅಪ್ಪ ಈಗ ತಿಂಗಳ ಮೊದಲ ತಾರೀಕು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗುವುದನ್ನು ನೋಡಿ, ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾರೆ. ಕಾರ್ಖಾನೆಯ ಲಾಗ್ ಬುಕ್ ಅಭ್ಯಾಸ. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿದ ಮೇಲೆ ಅರ್ಥ್ ಗುಂಡಿಗೂ ಒಂದು ಕೊಡ ಹಾಕುತ್ತಾರೆ. ಮಣೆಯನ್ನು ತೊಳೆದು ಒಣಗಿಸಿ, ಊಟಕ್ಕೆ ಕೂರಲು ಇಟ್ಟುಕೊಂಡಿದ್ದಾರೆ. ಮಂಡಿ ನೋವಿನಲ್ಲಿ ನೆಲದ ಮೇಲೆ ಕೂರಲು ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಅದನ್ನು ಅಡುಗೆಮನೆಗೆ ವಾಪಸ್ ಕೊಟ್ಟಿಲ್ಲ.

ಆ ಭಾನುವಾರ ರಾತ್ರಿ ನಮ್ಮ ಬಾಡಿಗೆ ಮನೆಗೆ ವಾಪಸ್ ಬಂದು ಅಡುಗೆಮನೆ ಲೈಟ್ ಹಾಕಿದೆ. ಕಟ್ಟೆಯ ಮೇಲೆ ಸಿಂಕಿನ ಪಕ್ಕದಲ್ಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಅದರಲ್ಲಿ ಮೈಕ್ರೋವೇವ್, ಕೆಟಲ್, ನನ್ನ ಗಂಡನ ಫೋನ್ ಚಾರ್ಜರ್. ಮೈಕ್ರೋವೇವಿನ ಪ್ಲಗ್ಗಿಗೆ, ಹೌದು, ಕನ್ವರ್ಷನ್ ಪ್ಲಗ್. ಗೋಡೆ ಕೊರೆಯಲು ಓನರ್ ಒಪ್ಪುವುದಿಲ್ಲ, ಕೇಳಿದ್ದಾಯಿತು. ಮನೆಯೆಲ್ಲ ಹುಡುಕಿದರೆ ಖಾಲಿ ಇದ್ದ 16 ಆಂಪ್ ಪಾಯಿಂಟ್ ಒಂದೇ, ಬೆಡ್‌ರೂಮಿನಲ್ಲಿ ಎಸಿಗೆ ಅಂತ ಬಿಟ್ಟಿದ್ದು. ಅದಕ್ಕೆ ಅರ್ಥ್ ಇದೆಯಾ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೊದಲು ನೋಡಿಸಿದೆ, ಇತ್ತು. ಹಾಗಾಗಿ ನಮ್ಮ ಮೈಕ್ರೋವೇವ್ ಈಗ ಬೆಡ್‌ರೂಮಿನಲ್ಲಿ, ಬೀರುವಿನ ಪಕ್ಕದ ಟೇಬಲ್ ಮೇಲಿದೆ. ಅಮ್ಮ ಬಂದಾಗ ನೋಡಿ ನಕ್ಕಳು. ಆಮೇಲೆ ಸಾರು ಬಿಸಿ ಮಾಡಲು ಪಾತ್ರೆ ಹಿಡಿದುಕೊಂಡು ಅಲ್ಲಿಗೇ ಹೋದಳು.